ನರೋಣಾ ವಸ್ತಿ ಬಸ್ಸು ಮತ್ತು ಜೇವರ್ಗಿಯ ಫ್ರೀ ಕಿಕ್

ನಿವೃತ್ತನಾದವನಿಗೆ ಸಿಗುವ ಸವಲತ್ತುಗಳಲ್ಲಿ ದೊಡ್ಡದು, ಎಲ್ಲಿ ಬೇಕಾದರೂ ಕಾರಣವಿಲ್ಲದೆ ನಿಂತುಬಿಡುವ ಸ್ವಾತಂತ್ರ್ಯ. ಹೋದ ವಾರ ಜೇವರ್ಗಿಯಲ್ಲಿ ಸೋದರಳಿಯನ ಹೊಸ ಮನೆಯ ಊಟ ಮುಗಿಸಿ, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಹೊರಟವನು ಮೈದಾನದ ಹತ್ತಿರ ಹಾಗೆ ನಿಂತೆ. ಆಗಷ್ಟೇ ಒಂದು ಜಿಟಿಜಿಟಿ ಮಳೆ ಬಂದು ಹೋಗಿತ್ತು. ಆಟದ ಗೆರೆಗಳಿಗೆ ಸುಣ್ಣದ ಪುಡಿ ಎಳೆದಿದ್ದರು. ಎರೆಮಣ್ಣಿನ ಮೇಲೆ ಸುಣ್ಣ ತೊಯ್ದಾಗ ಒಂದು ವಾಸನೆ ಬರುತ್ತದೆ. ಅರ್ಧ ಹೊಸ ಮನೆಯದು, ಅರ್ಧ ಮಸಣದ್ದು. ಊಟಕ್ಕೆ ಕರೆದವರ ಮನೆಯಲ್ಲಿ ಇಂಥ ಮಾತು ಆಡಬಾರದೆಂದು ಅಲ್ಲಿ ನುಂಗಿಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಗೋಲಿನ ಎದುರು ಫ್ರೀ ಕಿಕ್ ಸಿಕ್ಕಿತ್ತು. ನಾಲ್ಕು ಜನ ಕೈಕಟ್ಟಿ ಗೋಡೆಯಾಗಿ ನಿಂತಿದ್ದರು. ಗೋಲ್ ಕೀಪರ್ ಮಹಾಶಯ ಸರಿಯಾಗಿ ಆ ಗೋಡೆಯ ಹಿಂದೆ ಅಡಗಿದ್ದ, ಸಾಲ ಕೇಳಲು ಬಂದವರಿಗೆ ಕಾಣಿಸಿಕೊಳ್ಳದವನ ಹಾಗೆ. "ಚಂಡು ಕಾಣಂಗ ನಿಂದ್ರಲೇ" ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ನನ್ನ ಸೋದರಳಿಯ ಛತ್ರಿ ಹಿಡಿದು ಹಿಂದೆಯೇ ಬಂದಿದ್ದ.

"ಮಾವ, ಕಣ್ಣಿಗೇನಾತ್ರಿ?"

"ಸುಣ್ಣ ಹಾರಿ ಬಿತ್ತು" ಎಂದೆ. ಮಳೆಯಲ್ಲಿ ತೊಯ್ದ ಸುಣ್ಣ ಹಾರುವುದಿಲ್ಲ ಎಂಬುದು ಅವನಿಗೂ ಗೊತ್ತು. ಒಳ್ಳೆಯ ಹುಡುಗ, ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದ.

ನನ್ನ ನೌಕರಿಯ ಕೊನೆಯ ವರ್ಷ ಕಳೆದದ್ದು ಅಫಜಲಪುರದ ಬಸ್ ನಿಲ್ದಾಣದಲ್ಲಿ. ಹುದ್ದೆಯ ಹೆಸರು ಸಂಚಾರ ನಿಯಂತ್ರಕ. ಸಂಚಾರ ಅದರ ಪಾಡಿಗೆ ಅದು ನಡೆಯುತ್ತಿತ್ತು, ನಿಯಂತ್ರಣ ನನ್ನ ಮೇಜಿನ ಮೇಲೆ ಕೂತಿರುತ್ತಿತ್ತು. ಜನ ನನ್ನನ್ನು ಕಂಟ್ರೋಲರ್ ಸಾಹೇಬ್ರು ಎನ್ನುತ್ತಿದ್ದರು. ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದು, ಬರದ ಬಸ್ಸಿಗೆ ಕಾದವರಿಂದ ಬೈಸಿಕೊಳ್ಳುವುದು, ಇವೆರಡರಲ್ಲಿ ದಿನ ಸರಿಯುತ್ತಿತ್ತು. ಇಂಥ ಘನವಾದ ಹೊಣೆಯ ನಡುವೆ ನನಗೆ ಇನ್ನೊಂದು ಪದವಿ ಬಂತು. ಕಾಲೇಜಿನಲ್ಲಿದ್ದಾಗ ನಾನು ಗೋಲ್ ಕೀಪರ್ ಆಗಿದ್ದೆನೆಂಬ ಸುದ್ದಿಯನ್ನು ಬಾಯ್ತಪ್ಪಿ ಯಾರಿಗೋ ಹೇಳಿದ್ದೆ. ಮರುದಿನವೇ ನಮ್ಮ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕರ ಫುಟ್‌ಬಾಲ್ ತಂಡಕ್ಕೆ ನಾನು ಗುರುವಾದೆ. ಮಳೆಗಾಲದಲ್ಲಿ ಜೇವರ್ಗಿಯ ತರುಣರ ಒಂದು ಸಂಘ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಬಸ್ ನೌಕರರಿಗೆ ಒಂದು ಕಪ್ ಇಡುತ್ತಿತ್ತು. ಅದರ ಹಿಡಿಕೆಯೊಂದು ಮುರಿದಿತ್ತು. ಆದರೂ ಅದಕ್ಕಾಗಿ ಗಂಡಸರು ಪ್ರಾಣ ಕೊಡುವಂತೆ ಓಡುತ್ತಿದ್ದರು.

ನಮ್ಮ ಗೋಲ್ ಕೀಪರ್, ಎಲ್ಲರ ಬಾಯಲ್ಲಿ ಗೋಲಿ, ಭೀಮಶಾ. ಜೇವರ್ಗಿ ರೂಟಿನ ಡ್ರೈವರ್. ನಲವತ್ತರ ಹತ್ತಿರದ, ಉದ್ದ ಕೈಯ, ಮಾತು ಕಡಿಮೆಯ ಮನುಷ್ಯ. ಊರು ಆಳಂದ ತಾಲೂಕಿನ ನರೋಣಾ. ಹೆಂಡತಿ ಜಗದೇವಿ ಅಲ್ಲೇ ಇದ್ದಳು. ಇವನು ಅಫಜಲಪುರದಲ್ಲಿ ಡ್ರೈವರುಗಳ ಕೋಣೆಯಲ್ಲಿ ಮಲಗುತ್ತಿದ್ದ. ವಾರದ ರಜೆಗೆ ಕಲಬುರಗಿಯ ಮೇಲಿಂದ ಹಗಲು ಬಸ್ಸಿಗೆ ಊರಿಗೆ ಹೋಗಿ ಬರುತ್ತಿದ್ದ. ಜಗದೇವಿಗೆ ಎದೆಯ ಜಡ್ಡು. ಹಗಲು ಹೇಗೋ ನಡೆಯುತ್ತಿತ್ತು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಲಬುರಗಿಯ ಡಾಕ್ಟರು ಗುಳಿಗೆ ಕೊಟ್ಟು, ರಾತ್ರಿ ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿ ಕಳಿಸಿದ್ದರು.

"ಹಗಲ ಆಕಿ ಅಕ್ಕ ಬಂದು ಕೂಡ್ತಾಳ್ರಿ. ಆಕಿಗೂ ಮನಿ ಅದ, ಮಕ್ಕಳವ. ರಾತ್ರಿ ಯಾರ್ ಇರ್ತಾರ್ರಿ" ಎಂದು ಭೀಮಶಾ ಒಮ್ಮೆ ಹೇಳಿದ್ದ. "ಇಲ್ಲಿಗಿ ಕರಕೊಂಡ್ ಬಂದ್ರ ಹಗಲ ಯಾರೂ ಇರಂಗಿಲ್ಲ. ಅಲ್ಲಿ ಬಿಟ್ರ ರಾತ್ರಿ ಯಾರೂ ಇರಂಗಿಲ್ಲ."

ಇದಕ್ಕೆ ಪರಿಹಾರ ಭೂಮಿಯ ಮೇಲೆ ಒಂದೇ ಇತ್ತು. ಅದರ ಹೆಸರು ನರೋಣಾ ವಸ್ತಿ ಬಸ್. ಸಂಜೆ ಆಳಂದದಿಂದ ಹೊರಟು ಕತ್ತಲಾಗುವ ಹೊತ್ತಿಗೆ ನರೋಣಾ ಸೇರುತ್ತದೆ, ರಾತ್ರಿ ಅಲ್ಲೇ ವಸ್ತಿ ಇರುತ್ತದೆ, ಬೆಳಿಗ್ಗೆ ಊರ ಜನರನ್ನು ತುಂಬಿಕೊಂಡು ಹೊರಡುತ್ತದೆ. ಆ ಬಸ್ಸಿನ ಸ್ಟೇರಿಂಗ್ ಸಿಕ್ಕರೆ ಭೀಮಶಾ ದಿನಾ ರಾತ್ರಿ ಮನೆಯಲ್ಲಿರುತ್ತಿದ್ದ. ಆದರೆ ಅದನ್ನು ಆಳಂದದ ವಿಠ್ಠಲರಾವ ಬಹಳ ಕಾಲದಿಂದ ಓಡಿಸುತ್ತಿದ್ದ. ವಸ್ತಿ ಬಸ್ಸಿನ ಡ್ರೈವರ್ ಎಂದರೆ ಹಳ್ಳಿಗೆ ಅಳಿಯನಿದ್ದಂತೆ. ಒಂದು ಮನೆಯಿಂದ ಬಿಸಿ ರೊಟ್ಟಿ, ಇನ್ನೊಂದು ಮನೆಯಿಂದ ಕೆನೆಮೊಸರು. ಯಾವ ಅಳಿಯ ತಾನಾಗಿ ಎದ್ದು ಹೋಗುತ್ತಾನೆ? ಇಬ್ಬರೂ ಒಪ್ಪಿ ಪರಸ್ಪರ ವರ್ಗಾವಣೆಗೆ ಬರೆದುಕೊಟ್ಟರೆ ಮಾತ್ರ ಅದಲು ಬದಲು ಸಾಧ್ಯವಿತ್ತು.

ಮುಂಗಾರಿನ ಶುರುವಿನಲ್ಲಿ, ತೊಗರಿ ಬಿತ್ತನೆಯ ಗಡಿಬಿಡಿಯಲ್ಲಿ ಬಸ್ಸುಗಳೆಲ್ಲ ಬೀಜದ ಚೀಲದಿಂದ ತುಂಬಿದ್ದ ದಿನ, ಭೀಮಶಾ ನನ್ನನ್ನು ಜೊತೆಗೆ ಕರೆದುಕೊಂಡು ಆಳಂದಕ್ಕೆ ಹೋದ. ನಿಲ್ದಾಣದ ಚಹಾದಂಗಡಿಯಲ್ಲಿ ವಿಠ್ಠಲರಾವ ಬಸಿಯಲ್ಲಿ ಚಹಾ ಹೊಯ್ದುಕೊಂಡು ಕೂತಿದ್ದ. ಗಿರಿಜಾಮೀಸೆ, ಇಸ್ತ್ರಿಯ ಖಾಕಿ, ಮೊಣಕಾಲ ಮೇಲೆ ಮೊಣಕಾಲು.

"ಅಣ್ಣಾರ, ನೀವು ಒಪ್ಪಿದ್ರ ನಾ ಈ ಕಡಿ ಬರ್ತೇನ್ರಿ, ನೀವು ಅಫಜಲಪುರಕ್ಕ" ಎಂದ ಭೀಮಶಾ. "ನಿಮ್ಮ ಬೀಗರೂರೂ ಆ ಕಡೀನೇ ಅದಂತಲ್ರಿ."

"ಬೀಗರೂರು ಹತ್ರ ಇರಬಾರ್ದೂಂತೇ ನಾ ಇಲ್ಲಿ ಅದೇನಿ" ಎಂದ ವಿಠ್ಠಲರಾವ. ಸುತ್ತ ಕೂತವರು ನಕ್ಕರು. "ಅದಿರಲಿ, ನಿನಗ್ಯಾಕಪಾ ಈ ಕಡಿ ಚಿಂತಿ?"

"ಊರು ಹತ್ರ ಆಗ್ತದ್ರಿ."

"ಊರು ಯಾರಿಗ್ ಬ್ಯಾಡ." ವಿಠ್ಠಲರಾವ ಬಸಿ ಕೆಳಗಿಟ್ಟು ಇವನನ್ನು ಮೇಲಿಂದ ಕೆಳಗೆ ನೋಡಿದ. "ಏ, ನೀ ಅಫಜಲಪುರದ ಗೋಲಿ ಅಲ್ಲೇನು? ಹ್ವಾದ ವರ್ಷ ನಾ ಫ್ರೀ ಕಿಕ್ ಹೊಡದಾಗ ಬಾಯಿ ತಕ್ಕೊಂಡು ನಿಂತಿದ್ದೆಲ್ಲ, ಅಂವ?"

"ಹೌದ್ರಿ, ನಾನೇ."

"ಹಂಗಾದ್ರ ಕೇಳು. ಈ ಸಲ ಜೇವರ್ಗಿದಾಗ ನಮ್ಮನ್ನ ಸೋಲಸು. ಅವತ್ತೇ ಮೈದಾನದಾಗೇ ಸಹಿ ಮಾಡ್ತೇನಿ. ನಾಕ್ ಮಂದಿ ಮುಂದ ಅಂದೇನಿ, ತಪ್ಪಂಗಿಲ್ಲ."

ದಾರಿಯಲ್ಲಿ ನಾನು ರೇಗಿದೆ. ಜಗದೇವಿಯ ಜಡ್ಡಿನ ಸಂಗತಿ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೆಂಡತಿ ಜಡ್ಡು ತೋರ್ಸಿ ರೂಟ್ ಬೇಡಬೇಕೇನ್ರಿ? ಆಕಿಗಿ ತಿಳದ್ರ ನನ್ನ ಮಾರಿ ನೋಡಂಗಿಲ್ಲ. ನೀವೂ ಯಾರ ಮುಂದ ಅನಬ್ಯಾಡ್ರಿ, ನನ್ನ ಆಣಿ ಅದ." ಅಫಜಲಪುರ ಹತ್ತಿರ ಬಂದಾಗ, "ಫ್ರೀ ಕಿಕ್ ಹಿಡೀಲಿಕ್ಕಿ ಕಲಸ್ರಿ" ಎಂದ.

ಹೀಗೆ ಒಬ್ಬ ಹೆಂಗಸಿನ ರಾತ್ರಿಯ ಉಸಿರಾಟ ನನ್ನ ಹಳೆಯ ವಿದ್ಯೆಯ ಕೊರಳಿಗೆ ಬಂದು ಬಿತ್ತು.

ವಿಠ್ಠಲರಾವನ ಆಟವೆಲ್ಲ ಒಂದೇ ಒದೆತದಲ್ಲಿತ್ತು. ಓಡುತ್ತಿರಲಿಲ್ಲ, ಖಾಕಿಯ ಮರ್ಯಾದೆಗೆ ಓಟ ಸಲ್ಲದೆಂದು ನಂಬಿದ್ದ. ಎದುರಾಳಿಯ ಗೋಲಿನ ಹತ್ತಿರ ನಿಂತು, ಯಾರಾದರೂ ಮುಟ್ಟಿದರೆ ಸಾಕು, ಲಾರಿ ಬಡಿದವನ ಹಾಗೆ ಬೀಳುತ್ತಿದ್ದ. ಫ್ರೀ ಕಿಕ್ ಸಿಗುತ್ತಿತ್ತು. ಎದ್ದು ಮೀಸೆ ತೀಡಿ, ಚೆಂಡನ್ನು ಗೋಡೆಯ ತಲೆಯ ಮೇಲಿಂದ ಹತ್ತಿರದ ಕಂಬದ ಒಳಮಗ್ಗುಲಿಗೆ ಬಾಗಿಸಿ ಇಳಿಸುತ್ತಿದ್ದ. ಆದ್ದರಿಂದ ಆ ಮಳೆಗಾಲವಿಡೀ ನಮ್ಮ ತಂಡ ಗೋಲು ಹೊಡೆಯುವುದನ್ನು ಬಹುಮಟ್ಟಿಗೆ ಕೈಬಿಟ್ಟು ಫ್ರೀ ಕಿಕ್ ತಡೆಯುವುದನ್ನೇ ಅಭ್ಯಾಸ ಮಾಡಿತು.

ಮಾರ್ಕೆಟ್ ಯಾರ್ಡಿನ ಹಿಂದಿನ ಬಯಲು ನಮ್ಮ ಪಾಠಶಾಲೆ. ಎರೆಮಣ್ಣು ಬೂಟಿಗೆ ಮೆತ್ತಿ, ಒಬ್ಬೊಬ್ಬನೂ ಊರಿನ ಜಮೀನನ್ನು ಚೂರು ಚೂರಾಗಿ ಕಾಲಲ್ಲಿ ಹೊತ್ತುಕೊಂಡು ತಿರುಗುತ್ತಿದ್ದ. ನಾನು ಗೋಲಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಉಪದೇಶ ಮಾಡುತ್ತಿದ್ದೆ. ಗೋಡೆಯ ಕೆಲಸ ಹತ್ತಿರದ ಕಂಬವನ್ನು ಮುಚ್ಚುವುದು. ಉಳಿದ ಅರ್ಧ ಗೋಲಿಯದು. ಇಬ್ಬರೂ ಒಂದೇ ಕಡೆ ಕಾಯ್ದರೆ ಇನ್ನೊಂದು ಕಡೆ ಬಾಗಿಲು ತೆರೆದಿಟ್ಟಂತೆ. ಗೋಲಿ ಮೊದಲು ಕಂಬದ ಹತ್ತಿರ ನಿಂತು ಗೋಡೆಯನ್ನು ಸರಿಪಡಿಸಬೇಕು. ಹೊರಗಿನಿಂದ ಎರಡನೆಯವನು ಚೆಂಡಿಗೂ ಕಂಬಕ್ಕೂ ನೇರ ಬರಬೇಕು. ತುದಿಯವನು ಬಾಗಿ ಬರುವ ಚೆಂಡಿಗೆ. ಆಮೇಲೆ ಗೋಲಿ ಚಟ್ಟನೆ ತನ್ನ ಜಾಗಕ್ಕೆ ಬರಬೇಕು: ಗೋಡೆಯ ಹಿಂದಲ್ಲ, ಅದರ ಮಗ್ಗುಲಿಗೆ, ಚೆಂಡು ಕಣ್ಣಿಗೆ ಬೀಳುವಲ್ಲಿ. ಕಾಲು ಊರಿ ನಿಲ್ಲಬೇಕು. ಒದೆಯುವ ಮೊದಲೇ ಊಹೆ ಮಾಡಿ ಜಾರಿದವನನ್ನು ದೇವರೂ ಕಾಯುವುದಿಲ್ಲ.

ಭೀಮಶಾ ಎಲ್ಲವನ್ನೂ ತನ್ನ ಕಸುಬಿಗೆ ಒಗ್ಗಿಸಿಕೊಂಡ.

"ಎದುರಿನ ಲಾರಿಯಾಂವ ಯಾ ಕಡಿ ತಿರಗ್ತಾನ ಅಂತ ಅವನ ಮಾರಿ ನೋಡಿದ್ರ ತಿಳಿಯಂಗಿಲ್ರಿ, ಮುಂದಿನ ಗಾಲಿ ನೋಡಬೇಕು. ಇದೂ ಹಂಗೇ. ಒದಿಯೂ ಕಾಲ ನೋಡಬಾರ್ದು, ಊರಿದ ಕಾಲಿನ ಬೆರಳು ನೋಡಬೇಕು."

"ನಾನೂ ಅದನ್ನೇ ಹೇಳುವವನಿದ್ದೆ" ಎಂದೆ. ಗುರುವಿಗೆ ಇಷ್ಟು ಹಕ್ಕಾದರೂ ಇರಬೇಕು.

ತೊಂದರೆ ಬಂದದ್ದು ಗೋಡೆಯಿಂದ. ನಮ್ಮಲ್ಲಿ ಎಲ್ಲರಿಗಿಂತ ಎತ್ತರ ಎಲೆಕ್ಟ್ರಿಷಿಯನ್ ಶಾಂತಯ್ಯನವರು. ಮಠದ ಮನೆತನ, ಜಂಗಮರು, ನಮ್ಮೆಲ್ಲರಿಗೂ ಅಯ್ಯನೋರು. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಬಸ್ಸಿನ ಬ್ಯಾಟರಿ ಮುಟ್ಟುವವರು. ಅವರನ್ನು ಎರಡನೆಯ ಜಾಗದಲ್ಲಿ, ಕಂಬಕ್ಕೆ ನೇರವಾಗಿ ನಿಲ್ಲಿಸಿದೆ. ಪಕ್ಕದಲ್ಲಿ ಕಂಡಕ್ಟರ್ ಮಲ್ಲಣ್ಣ. ಗೋಡೆಯೆಂದ ಮೇಲೆ ಭುಜಕ್ಕೆ ಭುಜ ಒತ್ತಿ ನಿಲ್ಲಬೇಕು, ಒತ್ತಿ ನಿಂತರೆ ಕಾಲಿಗೆ ಕಾಲು ತಾಗುತ್ತದೆ. ನಮ್ಮ ಕಡೆ ಕಾಲು ಯಾರಿಗೆ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇನ್ನು ಅಯ್ಯನೋರ ಕಾಲಿಗೆ ಬೂಟುಗಾಲು ತಾಗಿದರೆ? ಮಲ್ಲಣ್ಣ ಪ್ರತಿ ಸಲ ಬಗ್ಗುತ್ತಿದ್ದ. ಅವನನ್ನು ನೋಡಿ ಆಚೆಯವನೂ ಬಗ್ಗುತ್ತಿದ್ದ. ಶಾಂತಯ್ಯನವರು ಪ್ರತಿ ಸಲ "ಇರ್ಲಿ ಇರ್ಲಿ" ಎಂದು ಹಸ್ತ ಎತ್ತುತ್ತಿದ್ದರು. ಚೆಂಡು ಈ ಭಕ್ತಿಯ ಮೇಲಿಂದ ನಿರಾತಂಕವಾಗಿ ಹೋಗಿ ಗೋಲಿನಲ್ಲಿ ಬೀಳುತ್ತಿತ್ತು.

ನಾನು ಆಟ ನಿಲ್ಲಿಸಿ ಗಂಭೀರವಾಗಿ ಆಜ್ಞೆ ಹೊರಡಿಸಿದೆ. ಮೈದಾನದೊಳಗೆ ಯಾರಿಗೂ ಯಾರ ಕಾಲೂ ತಾಗುವುದಿಲ್ಲವೆಂದೇ ತಿಳಿಯತಕ್ಕದ್ದು. ತಾಗಿದರೂ ನಮಸ್ಕಾರವನ್ನು ಕೊನೆಯ ಸೀಟಿಯ ತನಕ ತಡೆಹಿಡಿಯತಕ್ಕದ್ದು.

"ಸಾಹೇಬ್ರು ಅನ್ನೂದು ಖರೆ ಅದ" ಎಂದರು ಶಾಂತಯ್ಯನವರು. "ನಾ ಎಲ್ಲಾರಿಗೂ ಮೊದಲೇ ಮಾಫ್ ಮಾಡಿಬಿಟ್ಟೇನಿ. ಬೇಕಾದ್ರ ನನ್ನ ಪಾದದ ಮ್ಯಾಲೇ ನಿಂದ್ರಲೇ ಮಲ್ಲ್ಯಾ."

ಮಲ್ಲಣ್ಣ ಕಷ್ಟಪಟ್ಟು ಕಲಿತ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಅಂದಿನ ನಮಸ್ಕಾರಗಳನ್ನೆಲ್ಲ ಒಟ್ಟಿಗೆ ತೀರಿಸುತ್ತಿದ್ದರು. ಯಾರ್ಡಿನ ಹಮಾಲರು ನಿಂತು ನೋಡಿ, ಇದೆಂಥ ಆಟವೋ ಎಂದು ತಲೆ ಕೆರೆದುಕೊಂಡು ಹೋಗುತ್ತಿದ್ದರು. ಶ್ರಾವಣ ಬರುವ ಹೊತ್ತಿಗೆ ನಮ್ಮ ಗೋಡೆ ಅಲುಗದೆ ನಿಲ್ಲುತ್ತಿತ್ತು. ಭೀಮಶಾ ಹತ್ತರಲ್ಲಿ ಎಂಟು ಚೆಂಡು ತಡೆಯುತ್ತಿದ್ದ, ಉಳಿದವಕ್ಕೆ ಬೆರಳು ತಾಗಿಸುತ್ತಿದ್ದ.

ನಾಗರ ಪಂಚಮಿಗೆ ಭೀಮಶಾ ನನ್ನನ್ನು ನರೋಣಾಕ್ಕೆ ಕರೆದುಕೊಂಡು ಹೋದ. ಜಗದೇವಿಯನ್ನು ನಾನು ಕಂಡದ್ದು ಅದೊಂದೇ ಸಲ. ಕಾಲು ಬಾತಿದ್ದವು, ತುಟಿ ತುಸು ನೀಲಿಗಟ್ಟಿತ್ತು. ಆದರೆ ನಾಲಿಗೆಗೆ ಯಾವ ಜಡ್ಡೂ ಇರಲಿಲ್ಲ. ಜೋಳದ ಅಳ್ಳು, ಶೇಂಗಾದ ಉಂಡಿ ತಟ್ಟೆಯಲ್ಲಿಟ್ಟು ಬಾಗಿಲ ಹತ್ತಿರ ಕುಳಿತಳು.

"ನೀವೇ ಏನ್ರಿ ಇವರಿಗಿ ಕಲಸವ್ರು? ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎಲ್ಲಾರೂ ಓಡಿ ಓಡಿ ಸಾಯ್ತಾರ, ಇವರು ಬರೇ ನಿಂದ್ರತಾರಂತಲ್ಲ. ಅದನ್ನೂ ಕಲಸಬೇಕೇನ್ರಿ?"

"ನಿಂದ್ರೂದೇ ಕಠಿಣ ಅದವಾ" ಎಂದೆ.

"ಅದು ಖರೆ. ಇಪ್ಪತ್ತು ವರ್ಷಾತು, ಮನ್ಯಾಗ ಒಂದು ಕಡಿ ನಿಂತದ್ದು ನಾ ನೋಡಿಲ್ಲ."

ಭೀಮಶಾ ತಲೆ ತಗ್ಗಿಸಿ ಉಂಡಿ ಮುರಿಯುತ್ತ ನಗುತ್ತಿದ್ದ. ಅವನು ಹಾಗೆ ನಗುವುದನ್ನು ನಾನು ಅಫಜಲಪುರದಲ್ಲಿ ಕಂಡಿರಲಿಲ್ಲ. ಹೊರಡುವಾಗ ಅವನು ಅಂಗಳಕ್ಕೆ ಹೋದ ಸಮಯ ನೋಡಿ ಅವಳು ದನಿ ತಗ್ಗಿಸಿದಳು.

"ಈ ವರ್ಷ ವಸ್ತಿ ಬಸ್ ಸಿಗ್ತದ ಅಂತಾರ್ರಿ. ಹ್ವಾದ ವರ್ಷಾನೂ ಅಂದಿದ್ರು. ದಿನಾ ಸಂಜೀಕ ಆ ಬಸ್ ಬರೂ ಸಪ್ಪಳ ಕೇಳ್ತೇನಿ. ಇವತ್ತ ಅವರೇ ತಂದಾರೇನೋ ಅನಸ್ತದ. ಹುಚ್ಚು." ಮತ್ತೆ ತಾನೇ ನಕ್ಕು, "ಸಿಗ್ತದೇನ್ರಿ?" ಎಂದಳು.

"ಸಿಗ್ತದ" ಎಂದೆ. ಜೀವಮಾನವೆಲ್ಲ ಬಸ್ಸು ಬರುತ್ತದೆಂದು ಮೈಕಿನಲ್ಲಿ ಹೇಳಿದವನು ನಾನು. ಅಷ್ಟು ನಂಬಿಕೆಯಿಂದ ಹಿಂದೆಂದೂ ಹೇಳಿರಲಿಲ್ಲ.

ಪಂದ್ಯದ ದಿನ ಜೇವರ್ಗಿಯಲ್ಲಿ ಬೆಳಿಗ್ಗೆಯಿಂದ ಮೋಡ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸೇತುವೆ ದಾಟುವಾಗ ಎಲ್ಲರೂ ಕಿಟಕಿಯಿಂದ ಕೈಮುಗಿದೆವು. ಆತಿಥೇಯರನ್ನು ನಾವು ಹೇಗೋ ಸೋಲಿಸಿದೆವು, ಆಳಂದದವರು ಲೀಲಾಜಾಲವಾಗಿ ಸೋಲಿಸಿದರು. ಮಧ್ಯಾಹ್ನದ ಮೇಲೆ ಅವರಿಗೂ ನಮಗೂ ಕೊನೆಯ ಆಟ. ಹೊತ್ತು ಏರಿದಂತೆ ಸಣ್ಣ ಮಳೆ ಹಿಡಿಯಿತು, ಸುಣ್ಣದ ಗೆರೆಗಳು ಕರಗಿ ಹರಡಿದವು, ಆ ವಾಸನೆ ಮೈದಾನವನ್ನೆಲ್ಲ ತುಂಬಿತು.

ಮೊದಲರ್ಧದಲ್ಲಿ ನಮ್ಮ ಮೆಕ್ಯಾನಿಕ್ ಒಬ್ಬ ಕೆಸರಿನಲ್ಲಿ ಜಾರಿ ಬಿದ್ದು, ಬೀಳುವ ಭರದಲ್ಲಿ ಕಾಲು ತಾಗಿ ಗೋಲು ಹೊಡೆದುಬಿಟ್ಟ. ಹೇಗಾಯಿತೆಂದು ಅವನಿಗೂ ತಿಳಿಯಲಿಲ್ಲ. ಎರಡನೆಯ ಅರ್ಧದಲ್ಲಿ ಆಳಂದದವರು ಕಾರ್ನರ್‌ನಿಂದ ಸಮ ಮಾಡಿದರು. ಅದು ತಲೆಗಳ ಗದ್ದಲದಲ್ಲಿ ಆದ ಗೋಲು, ಗೋಲಿಯದು ಏನೂ ತಪ್ಪಿರಲಿಲ್ಲ. ನಡುವೆ ವಿಠ್ಠಲರಾವ ಎರಡು ಸಲ ಬಿದ್ದ. ಎರಡು ಸಲವೂ ಗೋಡೆ ನಿಂತಿತು. ಒಂದು ಚೆಂಡು ಶಾಂತಯ್ಯನವರ ಎದೆಗೆ ಬಡಿದು ಲಿಂಗದ ಕರಡಿಗೆ ಟಣ್ಣೆಂದಿತು. ಇನ್ನೊಂದನ್ನು ಭೀಮಶಾ ಹಾರಿ ಕಂಬದ ಹೊರಗೆ ತಳ್ಳಿದ. ವಿಠ್ಠಲರಾವ ಮೀಸೆ ತೀಡುವುದನ್ನು ಅರ್ಧಕ್ಕೆ ಬಿಟ್ಟು, "ಕಲ್ತಾನ ಮಗ" ಎಂದದ್ದು ನನಗೆ ಕೇಳಿಸಿತು.

ಆಟ ಮುಗಿಯುವ ಹೊತ್ತಿಗೆ ಮೂರನೆಯದು ಸಿಕ್ಕಿತು. ಗೋಲಿಗೆ ಹತ್ತಿರ, ನಡುವಿನಿಂದ ತುಸು ಎಡಕ್ಕೆ. ಭೀಮಶಾ ಕಂಬದ ಹತ್ತಿರ ನಿಂತು ಕೈ ತೋರಿಸಿದ. "ಅಯ್ಯನೋರ, ಒಂದ್ ಹೆಜ್ಜಿ ಹೊರಗ. ಬಸ್, ಅಲ್ಲೇ. ಮಲ್ಲ್ಯಾ, ಒತ್ತು." ಗೋಡೆ ಕೂಡಿಕೊಂಡಿತು. ಅವನು ತನ್ನ ಜಾಗಕ್ಕೆ ಬಂದು ಕಾಲು ಊರಿ, ಕೈ ಬಿಟ್ಟು ನಿಂತ. ನಾನು ಜೀವನದಲ್ಲಿ ಕಂಡ ಗೋಲಿಗಳಲ್ಲಿ ಅಷ್ಟು ಸರಿಯಾಗಿ ನಿಂತವನು ಇನ್ನೊಬ್ಬನಿಲ್ಲ.

ಸೀಟಿ ಕೇಳಿಸಿತು. ವಿಠ್ಠಲರಾವ ಬಂದ. ಅದೇ ಗಳಿಗೆಯಲ್ಲಿ, ಕೆಸರಿನಲ್ಲಿ ಒತ್ತಿ ನಿಂತಿದ್ದ ಮಲ್ಲಣ್ಣನ ಕಾಲು ಜಾರಿ, ಬೂಟು ಶಾಂತಯ್ಯನವರ ಪಾದವನ್ನು ಜಜ್ಜಿತು. ಅಯ್ಯನೋರು ನೋವಿಗೆ "ಶಿವಾ" ಎಂದರು. ಮೊದಲೇ ಸಿಕ್ಕಿದ್ದ ಕ್ಷಮೆ, ನನ್ನ ಆಜ್ಞೆ, ಇಡೀ ಮಳೆಗಾಲದ ಅಭ್ಯಾಸ ಎಲ್ಲ ಆ ಒಂದು ಶಬ್ದಕ್ಕೆ ಹಾರಿಹೋದವು. ಮಲ್ಲಣ್ಣ ಬಗ್ಗಿದ. ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ತಲೆ ಇರಬೇಕಾದಲ್ಲಿ ಚೆಂಡು ಹಾದುಹೋಯಿತು.

ಭೀಮಶಾ ಊರಿದ ಕಾಲಿನ ಬೆರಳು ನೋಡಿದ್ದ. ಎಲ್ಲಿಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು, ಆದರೆ ಅದು ಗೋಡೆ ಕಾಯಬೇಕಾದ ಅರ್ಧ. ಆದರೂ ಹಾರಿದ. ಬೆರಳು ತಾಗಿತು. ಚೆಂಡು ಕಂಬದ ಒಳಮಗ್ಗುಲಿಗೆ ಬಡಿದು, ಏನೋ ಯೋಚಿಸಿದ ಹಾಗೆ ಗೆರೆಯ ಮೇಲೆ ಒಂದು ಸುತ್ತು ತಿರುಗಿ, ಒಳಗೆ ಹೋಯಿತು.

ಆಮೇಲೆ ಆಡಲು ಹೊತ್ತು ಉಳಿದಿರಲಿಲ್ಲ. ಹಿಡಿಕೆ ಮುರಿದ ಕಪ್ಪನ್ನು ಆಳಂದದವರು ಬಸ್ಸಿನ ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡು ಹೊರಟುಹೋದರು. ಮಲ್ಲಣ್ಣ ಗೋಲಿನ ಹಿಂದೆ ಕೆಸರಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಶಾಂತಯ್ಯನವರು ಕುಂಟುತ್ತ ಭೀಮಶಾನ ಹತ್ತಿರ ಬಂದರು. ಅಷ್ಟೆತ್ತರದ ಮನುಷ್ಯ, ಎಲ್ಲರ ಕಣ್ಣೆದುರು, ಅವನ ಕಾಲು ಮುಟ್ಟಲು ಬಗ್ಗಿದರು. ಭೀಮಶಾ ಅರ್ಧದಲ್ಲೇ ಅವರ ತೋಳು ಹಿಡಿದ.

"ಅಯ್ಯನೋರ, ನೀವು ಬಗ್ಗಿದ್ರ ನನಗ ಇನ್ನೊಂದು ಗೋಲ್ ಆದಂಗ್ರಿ."

ಆಮೇಲೆ ಹೋಗಿ ಮಲ್ಲಣ್ಣನನ್ನು ಎಬ್ಬಿಸಿದ. "ಏಳಲೇ, ನಾಳಿ ಫಸ್ಟ್ ಟ್ರಿಪ್ ನಂದೂ ನಿಂದೂ ಅದ." ಅಷ್ಟೇ. ಜಗದೇವಿಯ ಹೆಸರು ಅಂದು ಯಾರ ಬಾಯಲ್ಲೂ ಬರಲಿಲ್ಲ. ಆ ಹೆಸರು ಈ ಆಟದೊಳಗೆ ಇದೆಯೆಂದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಮಳೆ ಹಿಂದೆ ಸರಿಯಿತು. ತೊಗರಿ ಹೂಬಿಟ್ಟಿತು. ಜೋಳ ತೆನೆಗೆ ಬರುವ ಹೊತ್ತಿಗೆ ಒಂದು ದಿನ ವಿಠ್ಠಲರಾವ ನನ್ನ ಕಿಟಕಿಯ ಮುಂದೆ ಬಂದು ನಿಂತ. ಖಾಕಿಗೆ ಇಸ್ತ್ರಿ ಇರಲಿಲ್ಲ.

"ಸಾಹೇಬ್ರ, ಭೀಮಶಾ ಎಲ್ಲಿ? ಸಹಿ ಮಾಡಿ ತಂದೇನಿ."

ಕಾರಣ ಕೇಳಿದೆ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದ. ನರೋಣಾದಿಂದ ಒಬ್ಬ ಹೆಣ್ಣುಮಗಳು ಆಗಾಗ ಬೆಳಿಗ್ಗೆ ಆಳಂದದ ದವಾಖಾನೆಗೆ ಬರುತ್ತಿದ್ದಳಂತೆ. ಏದುಸಿರು ನೋಡಿ ಇವನೇ ತನ್ನ ಹಿಂದಿನ ಸೀಟು ಬಿಡಿಸಿಕೊಡುತ್ತಿದ್ದನಂತೆ.

"ಮೊನ್ನಿ ಮಾತಿಗಿ ಮಾತು ಬಂದು, ನಮ್ಮನಿಯವ್ರೂ ಡ್ರೈವರೇ ಅದಾರ ಅಣ್ಣಾ, ಅಫಜಲಪುರದಾಗ, ಚಂಡಾಟದಾಗ ಗೋಲಿ ಅಂದ್ಳು. ಈ ಬಸ್ ಅವರಿಗೇ ಸಿಗಬೇಕಿತ್ತು, ಯಾವನೋ ಪಾಪಿ ಹೊಡದು ಕೆಡಸಿದ ಅಂದ್ಳು." ವಿಠ್ಠಲರಾವ ಟೊಪ್ಪಿಗೆ ತಿರುಗಿಸುವುದನ್ನು ನಿಲ್ಲಿಸಿದ. "ಗಾಡಿ ಹ್ಯಾಂಗ ಆಳಂದಕ್ಕ ಮುಟ್ಟಸಿದೆನೋ ನನಗ ಗೊತ್ತಿಲ್ರಿ. ಒಂದ್ ಮಾತು ಹೇಳಬಾರದಿತ್ತೇನ್ರಿ ಅಂವ? ನಾ ಏನ್ ರಾಕ್ಷಸ ಅದೇನೇನು?"

ಭೀಮಶಾ ಟ್ರಿಪ್ಪಿನಿಂದ ಬಂದು ಸಹಿ ಹಾಕಿದ. ವಿಠ್ಠಲರಾವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಕಾಗದ ಮೇಲಕ್ಕೆ ಹೋಯಿತು. ಕಾಗದಗಳು ಹೋಗುವ ವೇಗದಲ್ಲಿ ಅದೂ ಹೋಯಿತು, ಅದಕ್ಕೆ ಯಾರನ್ನೂ ದೂರಲಾರೆ.

ಎಳ್ಳ ಅಮಾವಾಸ್ಯೆಯ ಮುಂಚಿನ ವಾರ, ಮಂಜು ಬಿದ್ದ ಒಂದು ಬೆಳಿಗ್ಗೆ, ಜಗದೇವಿಯ ಅಕ್ಕ ನಿಲ್ದಾಣಕ್ಕೆ ಫೋನ್ ಮಾಡಿದಳು. ಬೆಳಿಗ್ಗೆ ಬಂದು ಬಾಗಿಲು ತಟ್ಟಿದರೆ ತೆಗೆಯಲಿಲ್ಲವಂತೆ. ಭೀಮಶಾ ಆಗಲೇ ಜೇವರ್ಗಿಯ ಹಾದಿಯಲ್ಲಿದ್ದ. ಸ್ಟೇರಿಂಗ್ ಮೇಲೆ ಅವನು ಫೋನ್ ಎತ್ತುವವನಲ್ಲ. ನಾನು ಕಂಡಕ್ಟರನಿಗೆ ಮಾಡಿದೆ. ಅಂದೂ ಮಲ್ಲಣ್ಣನೇ.

"ದಾರ್ಯಾಗ ಹೇಳಬ್ಯಾಡ ಮಲ್ಲಣ್ಣ. ಜೇವರ್ಗಿ ಸ್ಟ್ಯಾಂಡಿನಾಗ ಗಾಡಿ ಬಂದ್ ಮಾಡಿದ ಮ್ಯಾಲ ಹೇಳು."

ಬಸ್ಸಿನ ಸಪ್ಪಳದ ನಡುವೆ ಅವನು ಯಾರಿಗೋ ಮುಂದಕ್ಕೆ ಸರಿಯಲು ಹೇಳಿದ್ದು ಕೇಳಿಸಿತು. ಆಮೇಲೆ, "ಆತ್ರಿ ಸಾಹೇಬ್ರ." ಅಲ್ಲಿಂದ ಜೇವರ್ಗಿಯ ತನಕ ಅವನು ಆ ಸುದ್ದಿಯನ್ನು ಹೊತ್ತುಕೊಂಡು ಟಿಕೆಟ್ ಹರಿದ, ಚಿಲ್ಲರೆ ಕೊಟ್ಟ, ಸೀಟಿ ಊದಿ ಜನರನ್ನು ಹತ್ತಿಸಿ ಇಳಿಸಿದ. ಮಿರರಿನಲ್ಲಿ ಭೀಮಶಾ ಒಮ್ಮೆ ಅವನನ್ನು ನೋಡಿ, "ಯಾಕಲೇ, ಮಾರಿ ಹಂಗ್ಯಾಕ ಮಾಡೀದಿ, ಚಾ ಕುಡಿದಿಲ್ಲೇನು?" ಎಂದನಂತೆ.

ಜಗದೇವಿಯ ಮಣ್ಣಿಗೆ ವಿಠ್ಠಲರಾವ ಬಂದಿದ್ದ. ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದ. ವಿಭೂತಿ, ಪತ್ರಿ, ಮಂತ್ರ ಎಲ್ಲ ಶಾಂತಯ್ಯನವರೇ ನಡೆಸಿಕೊಟ್ಟರು. ಮಣ್ಣು ಹಾಕಲು ಎಲ್ಲರೂ ಹೋದರು, ವಿಠ್ಠಲರಾವ ಹೋಗಲಿಲ್ಲ. ಕೊನೆಗೆ ಭೀಮಶಾನೇ ಬಂದು ಅವನ ಕೈಹಿಡಿದು ಕರೆದೊಯ್ದ.

ನಾನು ನಿವೃತ್ತನಾದ ತಿಂಗಳು ವರ್ಗಾವಣೆಯ ಆದೇಶ ಬಂತು. ಅದನ್ನು ಭೀಮಶಾನ ಕೈಗೆ ಕೊಡುವುದು ನನ್ನ ಕೊನೆಯ ಕೆಲಸಗಳಲ್ಲಿ ಒಂದಾಯಿತು. ಬೇಡವೆಂದು ಬರೆದುಕೊಟ್ಟು ಇಲ್ಲೇ ಉಳಿಯುತ್ತಾನೆಂದು ತಿಳಿದಿದ್ದೆ. ಅವನು ಓದಿ, ಮಡಚಿ, ಕಿಸೆಯಲ್ಲಿಟ್ಟುಕೊಂಡು ಆಳಂದಕ್ಕೆ ಹೋದ.

ಜೇವರ್ಗಿಯ ಊಟದಿಂದ ಮರಳಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮೂರನೆಯ ದಿನ ಆಳಂದಕ್ಕೆ ಹೋಗಿ, ಸಂಜೆಯ ವಸ್ತಿ ಬಸ್ ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತೆ. ಭೀಮಶಾನ ತಲೆ ನೆರೆತಿತ್ತು. ಚಂಡಾಟದ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮಳೆ ಹೆಂಗೆ, ಹೆಸರುಕಾಳಿನ ಬೆಳೆ ಬಂತೇ, ನಿಮ್ಮ ಮಂಡಿನೋವು ಹೆಂಗದ, ಇಷ್ಟೇ ಆಡುತ್ತ ಹೋದೆವು. ನರೋಣಾದಲ್ಲಿ ಜನ ಇಳಿದು ಚದುರಿದರು. ಕಂಡಕ್ಟರ್ ಕೈಕಾಲು ತೊಳೆಯಲು ಹೋದ. ಭೀಮಶಾ ಎಂಜಿನ್ ನಿಲ್ಲಿಸಿ, ಹಿಂದಿನ ಉದ್ದ ಸೀಟಿನ ಮೇಲೆ ಚಾದರ ಹಾಸತೊಡಗಿದ.

"ಮನಿ ಇಲ್ಲೇ ಅದಲ್ಲೋ" ಎಂದೆ. "ಇಲ್ಲ್ಯಾಕ ಮಲಗತಿ?"

"ಹಗಲ ಹೋಗ್ತೇನ್ರಿ. ಕಸ ಹೊಡಿತೇನಿ, ದೀಪ ಹಚ್ಚಿ ಬರ್ತೇನಿ. ರಾತ್ರಿ ಆಗಂಗಿಲ್ಲ."

ನಾನು ಹೇಳಬಾರದಿತ್ತೇನೋ, ಹೇಳಿದೆ. "ಹಿಂಗಿದ್ದ ಮ್ಯಾಲ ಈ ರೂಟ್ ಯಾಕ ಬೇಕಪಾ? ಬಿಟ್ಟುಬಿಡು. ಕೇಳಿದ್ರ ಬ್ಯಾರೆ ಕೊಡ್ತಾರ."

ಅವನು ಚಾದರದ ಮಡಿಕೆಯನ್ನು ಅಂಗೈಯಿಂದ ಸವರಿ ಸವರಿ ಸರಿಮಾಡಿದ.

"ಆಕಿ ಈ ಬಸ್ಸಿಗಿ ಭಾಳ ದಿನ ಕಾದಾಳ್ರಿ" ಎಂದ. "ನಾ ತರಲಿಲ್ಲಂದ್ರ ಹ್ಯಾಂಗ."